ರೆಕ್ಕೆಯ ಕವೆಯನ್ನು ಮುರಿದದ್ದು ನಾನೇ

ಬೈಲಹೊಂಗಲದಲ್ಲಿ ನನ್ನ ಮೇಲೆ ಒಂದು ಮಾತಿದೆ. “ಸಿಟ್ಟಿಗೆದ್ದು ವಿಮಾನ ಕೊಯ್ದ ಮುದುಕಿ” ಎನ್ನುತ್ತಾರೆ. ಹಾಗೆ ಹೇಳಿಕೊಂಡು ನಗುವವರಲ್ಲಿ ಅರ್ಧ ಜನ ಆ ವಿಮಾನವನ್ನು ಕಣ್ಣಿಂದ ಕಂಡವರೇ ಅಲ್ಲ. ಸಿಟ್ಟು ಇತ್ತು, ಇಲ್ಲ ಎನ್ನುವುದಿಲ್ಲ. ಈಗಲೂ ಇದೆ. ಆದರೆ ನಾನು ಗರಗಸ ಹಚ್ಚಿದ್ದು ವಿಮಾನಕ್ಕಲ್ಲ, ಅಂಗೈ ಉದ್ದದ ಒಂದು ಉಕ್ಕಿನ ಕವೆಗೆ. ಅದನ್ನು ಮೊದಲು ಕೆಡಿಸಿದವಳೂ ನಾನೇ. ಕೆಡಿಸಿದ್ದನ್ನು ಬಿಟ್ಟು ಬರೀ ಕೊಯ್ದದ್ದನ್ನು ಹೇಳುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಸವದತ್ತಿ ರಸ್ತೆಗೆ ಹತ್ತಿದ ತಗಡಿನ ಅಂಗಡಿ. ಒಂದು ಮೂಲೆಯಲ್ಲಿ ಕುಲುಮೆ, ಇನ್ನೊಂದು ಮೂಲೆಯಲ್ಲಿ ಹಳೆಯ ಲೇಥ್. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದು ಮನೆತನದ ಕೆಲಸ. ಪಂಪು, ಟ್ರ್ಯಾಕ್ಟರು, ಹತ್ತಿಯ ಬೀಜ ಬಿಡಿಸುವ ಜಿನ್ನಿನ ರೋಲರು ಆಮೇಲೆ ಬಂದವು. ಲೇಥು ಗಂಡನ ಕೈಯಿಂದ ನನ್ನ ಕೈಗೆ ಹೇಗೆ ಬಂತು ಎಂಬುದು ಇಲ್ಲಿ ಬೇಡ. ಬಂತು, ನಡೆಸಿದೆ. ಕುಲುಮೆಯ ಗಾಳಿಚಕ್ರ ತಿರುಗಿಸಲು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಇದ್ದಳು. ಅವಳ ತೋಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಒಂದು ಮಧ್ಯಾಹ್ನ ತೆಳ್ಳಗಿನ ಮುದುಕರೊಬ್ಬರು ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದರು. ಮುರಗೋಡದವರು, ಮುಸಲ್ಮಾನರ ಪೈಕಿ, ಮಿಲಿಟರಿಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಫೌಜಿ ಎಂದೇ ಕರೆಯುತ್ತಿದ್ದರು. ಟವೆಲು ಬಿಚ್ಚಿದರು. ಒಳಗೆ ಒಂದು ಉಕ್ಕಿನ ಕಿವಿ, ಅಂದರೆ ಕಿವಿಯ ಹಾಗೆ ಚಾಚಿದ ತೂತಿನ ತುಂಡು, ಆ ತೂತಿಗೆ ಒಂದು ಬೋಲ್ಟು. ಬೋಲ್ಟನ್ನು ತೂತಿಗೆ ಹಾಕಿ ಅಲುಗಿಸಿದರು. ಗಡಗಡ ಅಂದಿತು.

“ಅಕ್ಕಾರ, ಇದರಾಗ ಎಷ್ಟು ಆಟ ಐತಿ ಹೇಳ್ರಿ ನೋಡೂಣು.”

ನಾನು ಬೆರಳಿಂದ ಅಲುಗಿಸಿ, “ಕೂದಲೆಳಿ ಲೆಕ್ಕದಾಗ ಹೇಳಬೇಕಂದ್ರ ಏಳೆಂಟು ಕೂದಲು” ಎಂದೆ.

ಅವರು ತಮ್ಮ ವರ್ನಿಯರ್ ತೆಗೆದು ಅಳೆದರು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿತ್ತು. “ಎಂಟು” ಎಂದರು. “ಈ ಊರಾಗ ಐದು ಲೇಥ್ ಅಂಗಡಿ ತಿರಿಗೇನಿ. ಎಲ್ಲಾರೂ ‘ನಡೀತೈತ್ರಿ, ಒಂದು ವಾಶರ್ ಹಾಕ್ರಿ’ ಅಂದ್ರು. ನೀವ ಒಬ್ಬರು ಕೈಯಾಗ ಹಿಡದ್ರಿ.”

“ಯಾವ ಪಂಪಿಂದರಿ ಇದು?”

“ಪಂಪಿಂದಲ್ಲ. ವಿಮಾನದ್ದು.”

ನೆಗೆಣ್ಣಿ ಗಾಳಿಚಕ್ರ ಬಿಟ್ಟು ಹೊರಗೆ ಓಡಿ ಹೋಗಿ ಆಕಾಶ ನೋಡಿದಳು.

ವಿಮಾನ ಇದ್ದದ್ದು ಒಬ್ಬ ಹತ್ತಿ ಜಿನ್ನಿನ ಸಾಹುಕಾರನ ಗೋದಾಮಿನಲ್ಲಿ. ಎಲ್ಲೋ ಹಾರಾಟ ಕಲಿಸುವ ಜಾಗದಲ್ಲಿ ಲಿಲಾವಿಗೆ, ಅಂದರೆ ಹರಾಜಿಗೆ, ಬಂದದ್ದನ್ನು ಆತ ಕೊಂಡು, ರೆಕ್ಕೆ ಬಿಚ್ಚಿ, ಲಾರಿ ಮೇಲೆ ತರಿಸಿದ್ದ. ಇಬ್ಬರು ಒಬ್ಬರ ಹಿಂದೊಬ್ಬರು ಕೂಡುವಂಥದ್ದು. ಒಳಗೆ ಉಕ್ಕಿನ ಕೊಳವೆಗಳ ಗೂಡು, ಮೇಲೆ ಬಣ್ಣ ಬಳಿದ ಬಟ್ಟೆ. ಸುತ್ತಲೂ ಹತ್ತಿಯ ಮೂಟೆ, ಮೈತುಂಬ ಹತ್ತಿಯ ಧೂಳು. ನೆಗೆಣ್ಣಿ ಅದರ ಹೊಟ್ಟೆಯ ಬಟ್ಟೆ ಹಿಡಿದು ನೋಡಿ, “ಅಕ್ಕಾ, ನಮ್ಮ ಮನಿ ಛತ್ರಿ ಇದಕ್ಕಿಂತ ಗಟ್ಟಿ ಐತಲ್ಲಬೇ” ಎಂದಳು. ಫೌಜಿ ನಕ್ಕರು. ಸಾಹುಕಾರ ನಗಲಿಲ್ಲ.

“ಫೌಜಿ, ಊರಾಗ ಗಂಡಸರು ಸಿಗಲಿಲ್ಲೇನು?” ಎಂದು ನನ್ನ ಎದುರೇ ಕೇಳಿದ.

“ಸಿಕ್ಕಾರ್ರಿ ಸಾವ್ಕಾರ್ರ, ಐದು ಮಂದಿ. ವಾಶರ್ ಹಾಕೂ ಮಂದಿ.”

ಇದು ಮೊದಲ ದಿನ. ನನ್ನ ಸಿಟ್ಟಿನ ಲೆಕ್ಕ ಅಲ್ಲಿಂದ ಶುರು.

ಸವೆದದ್ದು ಮೂರು ಕಡೆ. ಗಾಲಿಯ ಕಾಲುಗಳು ಹೊಟ್ಟೆಗೆ ಸೇರುವ ಕಿವಿಗಳು, ಬಾಲದ ಸಣ್ಣ ಗಾಲಿಯ ಕೀಲು, ಮತ್ತು ರೆಕ್ಕೆಯ ಕವೆಗಳು. ಈ ಕವೆಯ ವಿಷಯ ಸರಿಯಾಗಿ ಹೇಳಬೇಕು. ರೆಕ್ಕೆಗೆ ಕೆಳಗಿನಿಂದ ಆಸರೆಯಾಗಿ ಎಡಕ್ಕೊಂದು ಬಲಕ್ಕೊಂದು ಕಂಬಿ ಇದೆ. ಕಂಬಿಯ ಕೆಳತುದಿಗೆ ಸ್ಕ್ರೂ ತಿರುಗಿಸಿದಂತೆ ತಿರುಗಿಸಿ ಒಂದು ಕವೆ ಕೂಡಿಸಿರುತ್ತಾರೆ. ಕವೆಗೆ ಎರಡು ಕಿವಿ, ಕಿವಿಗಳಲ್ಲಿ ತೂತು. ಆ ತೂತಿನಲ್ಲಿ ಒಂದೇ ಒಂದು ಬೋಲ್ಟು ಹಾಯ್ದು ಕಂಬಿಯನ್ನು ವಿಮಾನದ ಹೊಟ್ಟೆಗೆ ಹಿಡಿದಿರುತ್ತದೆ. ಮೇಲೆ ಹೋದಾಗ ರೆಕ್ಕೆಯ ಎಳೆತವೆಲ್ಲ ಆ ಕವೆಯ ಮೇಲೆ. ಗಾಲಿಯ ಕಿವಿ ಮುರಿದರೆ ವಿಮಾನ ನೆಲಕ್ಕೆ ಉಜ್ಜುತ್ತದೆ, ಕುಂತವರ ಹಲ್ಲು ಹೋಗಬಹುದು. ಕವೆ ಮುರಿದರೆ ರೆಕ್ಕೆ ಮೇಲಕ್ಕೆ ಮಡಚುತ್ತದೆ. ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

“ಖರೇ ಅಂದ್ರ ಇದು ಹೊಸಾದು ಹಾಕೂ ಸಾಮಾನು” ಎಂದು ಫೌಜಿ ಕವೆ ತೋರಿಸಿದರು. “ಹೊಸಾದು ಎಲ್ಲೂ ಸಿಗವಲ್ದು. ತೂತು ದುಂಡಗ ಕೊರದು ಉಕ್ಕಿನ ಬುಶ್ ಕುಂಡ್ರಸೂಣು. ತಂಪಾಗೇ ಕುಂಡ್ರಸಬೇಕು ಅಕ್ಕಾರ. ಯಾವ ಸಾಮಾನಿಗೂ ಬೆಂಕಿ ತೋರಸಬ್ಯಾಡ್ರಿ.”

ಬುಶ್ ಎಂದರೆ ತೂತಿನೊಳಗೆ ಬಿಗಿಯಾಗಿ ಕೂಡುವ ಬಳೆ. ಕೇಳಿಸಿಕೊಂಡೆ. ಬೆಂಕಿ ಎಂದರೆ ವೆಲ್ಡಿಂಗ್ ಎಂದುಕೊಂಡೆ. ವೆಲ್ಡಿಂಗ್ ನಮ್ಮಲ್ಲಿ ಇರಲೇ ಇಲ್ಲ. ಹೂಂ ಎಂದೆ.

ಗಾಲಿಯ ಕಿವಿಗಳಿಂದ ಶುರು ಮಾಡಿದೆ. ಸವೆದ ತೂತು ದುಂಡಗಿರುವುದಿಲ್ಲ, ಮೊಟ್ಟೆಯ ಹಾಗೆ ಒಂದು ಕಡೆ ಚಾಚಿಕೊಂಡಿರುತ್ತದೆ. ಉದ್ದಕ್ಕೆ ಅಳೆದರೆ ಒಂದು ಅಳತೆ, ಅಡ್ಡಕ್ಕೆ ಅಳೆದರೆ ಇನ್ನೊಂದು. ನಾನು ಪಂಪಿನ ಬುಶ್ಶಿಗೆ ಮಾಡುವಂತೆ ಆ ಮೊಟ್ಟೆಯ ನಡುವನ್ನು ಹಿಡಿದು ಲೇಥಿನ ಮೇಲೆ ಕೊರೆದೆ. ಬುಶ್ ಕೂತಿತು, ಬೋಲ್ಟು ಒಂದು ಕೂದಲೂ ಅಲುಗಲಿಲ್ಲ. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಗೋದಾಮಿಗೆ ಒಯ್ದು ಕೂಡಿಸಿದರೆ ಎಡಗಾಲಿ ಒಳಗೆ ಮುಖ ತಿರುಗಿಸಿ ನಿಂತಿತು.

ಫೌಜಿ ಕೆಳಗೆ ಮಲಗಿ ನೋಡಿ ಎದ್ದರು. “ಸವದ ತೂತಿನ ನಡು, ಮೊದಲಿನ ನಡು ಅಲ್ಲ ಅಕ್ಕಾರ. ಸವೀದ ಮಗ್ಗಲು ಯಾವದೈತಿ ಅದನ್ನ ಹಿಡದು ನಡು ಹುಡುಕಬೇಕು.”

ಇಪ್ಪತ್ತು ವರ್ಷ ತೂತು ಕೊರೆದವಳಿಗೆ ಮೂರನೇ ದಿನ ಈ ಪಾಠ. ಬುಶ್ ಹೊಡೆದು ತೆಗೆದು, ಮತ್ತೆ ಕೊರೆದು, ಇನ್ನಷ್ಟು ದಪ್ಪ ಬುಶ್ ಮಾಡಿದೆ. ತೂತಿಗಿಂತ ಬುಶ್ ಅರ್ಧ ಕೂದಲು ದೊಡ್ಡದಿರಬೇಕು. ಹಿಡಿದು ಬಿಗಿಸುವ ವೈಸಿನ ಎರಡು ದವಡೆಗೆ ಹಿತ್ತಾಳೆಯ ತುಂಡು ಕೊಟ್ಟು, ಎಣ್ಣೆ ಸವರಿ, ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಳಗೆ ಸೇರಿಸಬೇಕು. ಸುತ್ತಿಗೆ ಮುಟ್ಟುವಂತಿಲ್ಲ. ಬುಶ್ ಒಳಗೆ ಹೋಗುವಾಗ ಒಂದು ಸಣ್ಣ ನರಳಿಕೆ ಬರುತ್ತದೆ. ಆ ಸಪ್ಪಳ ಒಂದೇ ಸಮ ಇದ್ದರೆ ಕೆಲಸ ಸರಿ. ನಡುವೆ ಟಕ್ ಎಂದರೆ ಓರೆಯಾಯಿತು, ತೆಗಿ, ಮತ್ತೆ ಮಾಡು. ನಾಲ್ಕು ಕಿವಿಗೆ ಒಂಬತ್ತು ಬುಶ್ ಮಾಡಿದೆ. ಐದು ಕಸಕ್ಕೆ ಹೋದವು. ಸಾಹುಕಾರ ದಿನಾ ಒಂದು ಸಲ ಬಂದು, “ಇನ್ನೂ ಆಗಿಲ್ಲ?” ಎಂದು ಕೇಳಿ ಹೋಗುತ್ತಿದ್ದ. ಬೇರೆ ಮಾತು ಅವನಿಗೆ ಬರುತ್ತಿರಲಿಲ್ಲ.

ಅವಸರ ಯಾಕೆಂದು ಆಮೇಲೆ ಗೊತ್ತಾಯಿತು. ಅವನ ಮಗಳ ಮದುವೆ. ಸವದತ್ತಿ ಹಾದಿಯ ತನ್ನ ಹೊಲದಲ್ಲಿ ಹಂದರ ಹಾಕಿಸುವವನಿದ್ದ. ಅದರ ಮಗ್ಗುಲಿಗೆ ಗರಸು ಹಾಕಿ, ರೋಡ್ ರೋಲರ್ ಓಡಿಸಿ, ವಿಮಾನ ಓಡುವ ಪಟ್ಟಿ ಮಾಡಿಸಿದ್ದ. ಅಕ್ಕಿಕಾಳು ಬೀಳುವ ಹೊತ್ತಿಗೆ ಮೇಲಿನಿಂದ ವಿಮಾನ ಹಾದು ಹಂದರದ ಮೇಲೆ ಹೂವು ಸುರಿಯಬೇಕು. ಅದನ್ನು ನಡೆಸಲು ಪುಣೆ ಕಡೆಯಿಂದ ಒಬ್ಬ ನಿವೃತ್ತ ಪೈಲಟ್ ಬರುವುದು ಗೊತ್ತಾಗಿತ್ತು. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಹಿಡಿದು ಕೂಡುವವರು ಯಾರು? ತೂಕ ಕಮ್ಮಿ ಇದ್ದವರು ಬೇಕು. ಫೌಜಿ ‘ನಾನು’ ಎಂದರು.

“ಇಪ್ಪತ್ತೆರಡು ವರ್ಷ ವಿಮಾನ ರಿಪೇರಿ ಮಾಡೇನಿ ಅಕ್ಕಾರ. ಒಮ್ಮಿನೂ ಹತ್ತಿಲ್ಲ. ನಮ್ಮಂಥಾವ್ರನ ಯಾರು ಹತ್ತಸ್ತಾರ? ಕೆಳಗ ನಿಂತು ಹಸರು ಝಂಡಾ ತೋರಸೂದು, ಅಷ್ಟ.”

ಈ ಮಾತು ಹೇಳುವಾಗ ಅವರ ಮುಖ ಅರಳಿತ್ತು. ನಾನು ಬುಶ್ ಉಜ್ಜುತ್ತಿದ್ದೆ, ತಲೆ ಎತ್ತಲಿಲ್ಲ. ಆದರೆ ಅಂದಿನಿಂದ ನಾನು ಮಾಡುವ ತೂತಿನ ಮೇಲೆ ಯಾರು ಕೂಡುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಬಾಲದ ಕೀಲು ಮುಗಿಯಿತು. ಎಡಗವೆ ಮುಗಿಯಿತು, ಚೊಕ್ಕ ಕೆಲಸ. ಬಲಗವೆ ಉಳಿಯಿತು. ಮದುವೆಗೆ ಐದು ದಿನ. ಆ ಹೊತ್ತಿಗೆ ಮುರಗೋಡದಿಂದ ಫೌಜಿಯ ಅಣ್ಣನಿಗೆ ಹುಷಾರಿಲ್ಲ ಎಂದು ಸುದ್ದಿ ಬಂತು. “ನಾಡದು ಬರತೇನಿ” ಎಂದು ಬಸ್ಸು ಹತ್ತಿದರು.

ಕವೆಯ ತೂತು ಕೊರೆದು ಮುಗಿಸಿದ್ದೆ. ಬುಶ್ ಕಡೆದೆ. ಅಳೆದರೆ ಒಂದು ಕೂದಲಿನಷ್ಟು ದೊಡ್ಡದು ಉಳಿದಿತ್ತು. ಇನ್ನೊಮ್ಮೆ ಲೇಥಿನ ಕತ್ತಿ ಹಾಯಿಸಿದರೆ ಆಯಿತು ಎನ್ನುವಾಗ ಕರೆಂಟು ಹೋಯಿತು. ಎಲ್ಲೋ ತಂತಿ ಹರಿದಿದೆ, ಎರಡು ದಿನ ಬರುವುದಿಲ್ಲ ಎಂದರು. ಕರೆಂಟಿಲ್ಲದ ಲೇಥು ಕಲ್ಲಿಗೆ ಸಮ.

ಅದೇ ಹೊತ್ತಿಗೆ ಸಾಹುಕಾರ ಜೀಪಿನಲ್ಲಿ ಬಂದ. ಕೈಯಲ್ಲಿ ಲಗ್ನಪತ್ರಿಕೆಯ ಗಂಟು. ಕೆಳಗೆ ಇಳಿಯಲೂ ಇಲ್ಲ.

“ಏನವಾ, ನಾಳೆ ಸಂಜಿಕ ಪೈಲಟ್ ಬರತಾನ. ಅಷ್ಟರಾಗ ಎಲ್ಲಾ ಕೂಡಿರಬೇಕು.”

“ಕರೆಂಟಿಲ್ಲರಿ ಸಾವ್ಕಾರ್ರ.”

“ಕರೆಂಟ್ ಇಲ್ಲದಾಗ ನಿಮ್ಮ ಅಜ್ಜ ಮುತ್ತ್ಯಾ ಕೆಲಸ ಮಾಡಲಿಲ್ಲೇನು?” ಎಂದು ಒಂದು ಪತ್ರಿಕೆ ನನ್ನ ಕಡೆ ಎಸೆದು ಹೋದ. ಅದು ಕುಲುಮೆಯ ಬೂದಿಯಲ್ಲಿ ಬಿತ್ತು.

ಆ ಮಾತು ನನಗೆ ನಾಟಿತು. ಮಾಡಿಲ್ಲವೇ ಮತ್ತೆ? ಚಕ್ಕಡಿಯ ಪಟ್ಟಿ ಗಾಲಿಗಿಂತ ಸಣ್ಣದಿರುತ್ತದೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಇಕ್ಕಳದಿಂದ ಎತ್ತಿ ಗಾಲಿಯ ಮೇಲೆ ಇಳಿಸಿ, ಕೊಡಗಟ್ಟಲೆ ನೀರು ಸುರಿದರೆ ಕುಗ್ಗಿ ಕಟ್ಟಿಗೆಯನ್ನು ಕಚ್ಚುತ್ತದೆ. ಮೂವತ್ತು ವರ್ಷ ಹಿಡಿತ ಬಿಡದ ಹಾಗೆ ಕಚ್ಚುತ್ತದೆ. ನನ್ನ ಮಾವ ಮಾಡಿದ್ದು ಇದೇ, ನನ್ನ ಗಂಡ ಮಾಡಿದ್ದು ಇದೇ. ಕವೆ ಕಾಯಿಸಿದರೆ ತೂತು ಹಿಗ್ಗುತ್ತದೆ, ಬುಶ್ ತಾನೇ ಜಾರುತ್ತದೆ. ಲೇಥು ಯಾಕೆ ಬೇಕು?

ಸಿಟ್ಟಿನಲ್ಲಿ ಕುಲುಮೆ ಹೊತ್ತಿಸಿದೆ. ನೆಗೆಣ್ಣಿ ಗಾಳಿ ಹಾಕಿದಳು. ಕವೆಯ ಕಿವಿಗಳನ್ನು ಇದ್ದಿಲೊಳಗೆ ಇಟ್ಟೆ. ಮೊದಲು ಕಂದು, ಆಮೇಲೆ ದಾಸವಾಳದ ಕೆಂಪು, ಆಮೇಲೆ ಗಜ್ಜರಿ ಬಣ್ಣ. ತೆಗೆದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು ಬುಶ್ ತೋರಿಸಿದೆ. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ನೆಗೆಣ್ಣಿ ಒಂದು ತಂಬಿಗೆ ನೀರು ಸುರಿದಳು. ಚುಂಯ್ ಎಂದು ಹಬೆ ಎದ್ದಿತು. ಎರಡು ದಿನದ ಕೆಲಸ ಚಹ ಕುದಿಯುವಷ್ಟರಲ್ಲಿ ಮುಗಿದಿತ್ತು.

“ನೋಡಬೇ” ಎಂದೆ ನೆಗೆಣ್ಣಿಗೆ. “ಕಬ್ಬಿಣ ಲಗ್ನಪತ್ರಿಕಿ ಓದೂದಿಲ್ಲ. ಅದಕ್ಕ ನಮ್ಮಂಥಾವ್ರ ಬೇಕು.”

ಬುಶ್ಶಿನ ಅಂಚು ಕಿವಿಯಿಂದ ಸ್ವಲ್ಪ ಹೊರಗೆ ಚಾಚಿತ್ತು. ಅದನ್ನು ಸಮ ಮಾಡಲು ಅರ ತೆಗೆದುಕೊಂಡೆ. ಅರ ಹಾಯಿಸಿದರೆ ಕೀಂ ಎಂದು ಜಾರಿತು. ಒತ್ತಿ ಹಾಯಿಸಿದೆ. ಗಾಜಿನ ಮೇಲೆ ಎಳೆದ ಹಾಗೆ ಜಾರಿತು, ಒಂದು ಗೀರೂ ಬೀಳಲಿಲ್ಲ. ಕಿವಿಯಿಂದ ಎರಡು ಬೆರಳು ಕೆಳಗೆ, ಕವೆಯ ಕುತ್ತಿಗೆಯ ಹತ್ತಿರ ಅರ ಹಚ್ಚಿದೆ. ಅಲ್ಲಿ ಗಪ್ಪನೆ ಕಚ್ಚಿತು, ಸೀಸದ ಹಾಗೆ ಪುಡಿ ಉದುರಿತು.

ಅರ ಕೈಯಲ್ಲೇ ಉಳಿಯಿತು. ಕುಡಗೋಲಿನ ಬಾಯಿಗೆ, ಕೊಡಲಿಯ ಬಾಯಿಗೆ ನೀರು ಕುಡಿಸಿ ಹದ ಕೊಡುವವಳು ನಾನು. ಹದ ಹೆಚ್ಚಾದ ಉಕ್ಕು ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಿಲ್ಲ. ಅದು ಬಾಗುವುದಿಲ್ಲ, ಒಡೆಯುತ್ತದೆ. ಚಕ್ಕಡಿಯ ಪಟ್ಟಿ ಮೆತ್ತನೆಯ ಕಬ್ಬಿಣ, ಅದಕ್ಕೆ ಬೆಂಕಿಯೂ ಲೆಕ್ಕವಿಲ್ಲ, ನೀರೂ ಲೆಕ್ಕವಿಲ್ಲ. ಈ ಕವೆ ಒಳ್ಳೆಯ ಉಕ್ಕು. ಕಾರ್ಖಾನೆಯಲ್ಲಿ ಯಾರೋ ಅಳೆದು ತೂಗಿ ಹದ ಕೊಟ್ಟು ಕಳಿಸಿದ್ದನ್ನು ನಾನು ಒಂದು ತಂಬಿಗೆ ನೀರಿನಲ್ಲಿ ತೊಳೆದು ಹಾಕಿದ್ದೆ. ಕಿವಿ ಗಾಜಾಗಿತ್ತು, ಕುತ್ತಿಗೆ ಮೇಣವಾಗಿತ್ತು. ‘ಬೆಂಕಿ ತೋರಸಬ್ಯಾಡ್ರಿ’ ಎಂದದ್ದು ಇದಕ್ಕೆ.

ನೆಗೆಣ್ಣಿಗೆ ನನ್ನ ಮುಖ ನೋಡಿಯೇ ತಿಳಿಯಿತು. “ಮ್ಯಾಲಿಂದ ನೋಡಿದ್ರ ಏನೂ ಕಾಣೂದಿಲ್ಲ ಅಕ್ಕಾ. ಯಾರಿಗೆ ಗೊತ್ತಾಗತೈತಿ? ಸುಮ್ಮನ ಇದ್ದಬಿಡು.”

ಅವಳನ್ನು ಬೈದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ದಿನವೂ ಮರುದಿನವೂ ಸುಮ್ಮನೇ ಇದ್ದೆ. ಕವೆಯನ್ನು ಅರಿವೆಯಲ್ಲಿ ಸುತ್ತಿ ಅಡಿಗಲ್ಲಿನ ಮಗ್ಗುಲಲ್ಲಿ ಇಟ್ಟು ಒಂದು ಕುಡಗೋಲು ಬಡಿದೆ, ಎರಡು ಕುರ್ಪಿ ಬಡಿದೆ. ಐವತ್ತೆಂಟು ವರ್ಷದವಳು, ಊರಿನ ಗಂಡಸರೆಲ್ಲ ನಗುತ್ತಿದ್ದಾಗ ಆ ಕೆಲಸ ಹಿಡಿದವಳು. ಕೆಡಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಫೌಜಿ ಬಂದರು. ಅಣ್ಣನಿಗೆ ಗುಣವಾಗಿದೆ ಎಂದರು. ಕವೆ ಅವರ ಕೈಗೆ ಕೊಟ್ಟು ಹೇಳಿದೆ. “ಕೆಡಿಸೇನಿ. ಕಾಸಿ ಹಾಕೇನಿ, ನೀರೂ ಹೊಡದೇನಿ.”

ಅವರು ನಂಬಲಿಲ್ಲ. ಅರ ಕೊಟ್ಟೆ. ಅವರೇ ಹಾಯಿಸಿ ನೋಡಿದರು. ಕೀಂ ಎಂದಿತು. ಕನ್ನಡಕ ತೆಗೆದು ಒರೆಸಿಕೊಂಡರು.

“ಹೇಳಿದ್ನಲ್ಲರಿ ಅಕ್ಕಾರ.”

“ಹೇಳಿದ್ರಿ.”

“ಮತ್ತ?”

“ಮತ್ತೇನ್ರಿ, ಬುದ್ಧಿ ಮಣ್ಣ ತಿಂದಿತ್ತು. ಈಗ ಏನ ಮಾಡೂದು ಹೇಳ್ರಿ. ನಿಮ್ಮ ಬೈಗಳ ಆಮ್ಯಾಲ ಕೇಳತೇನಿ.”

ಮತ್ತೆ ಹದ ಕೊಡಬೇಕೆಂದರೆ ಶಾಖ ಅಳೆಯುವ ಭಟ್ಟಿ ಬೇಕು, ಅದು ದೊಡ್ಡ ಊರಿನಲ್ಲಿ. ಆಮೇಲೆ ಬಿರುಕು ಇದೆಯೋ ಇಲ್ಲವೋ ಯಂತ್ರದಲ್ಲಿ ನೋಡಿಸಬೇಕು. ಹತ್ತು ದಿನ ಎಂದರು. ಮದುವೆಗೆ ಮೂರು ದಿನ ಉಳಿದಿತ್ತು. ಇಬ್ಬರೂ ಕೂಡಿ ಗೋದಾಮಿಗೆ ಹೋದೆವು.

ಸಾಹುಕಾರ ನಿಂತುಕೊಂಡೇ ಕೇಳಿದ. ಕವೆ ಹಿಡಿದು ತಿರುಗಿಸಿ ನೋಡಿದ.

“ಎಲ್ಲಿ ಮುರದೈತಿ?”

“ಮುರದಿಲ್ಲರಿ. ಮುರೀತೈತಿ” ಎಂದೆ.

“ಮುರದಿಲ್ಲ ಅಂದಮ್ಯಾಗ ಏನು? ಬಣ್ಣ ಹಚ್ಚಿ ಕೂಡಸ್ರಿ.”

“ಸಾವ್ಕಾರ್ರ, ಇದು ಕುಡಗೋಲಲ್ಲ. ಮ್ಯಾಲ ಹೋದಮ್ಯಾಲ ಒಡದ್ರ...”

“ಅವ್ವಾ, ನನ್ನ ಮಗಳ ಮದಿವಿ ಐತಿ. ಅಪಶಕುನ ನುಡೀಬ್ಯಾಡ.”

“ನಿಮ್ಮ ಮಗಳ ಮದಿವಿ ಅಂತನ ಹೇಳಾಕತ್ತೇನಿ. ಹಂದರದ ಮ್ಯಾಲ ಹೂ ಬೀಳಬೇಕು, ವಿಮಾನ ಅಲ್ಲ.”

ಅವನ ಮುಖ ಕಪ್ಪಾಯಿತು. ಫೌಜಿಯ ಕಡೆ ತಿರುಗಿ, “ಫೌಜಿ, ನೀ ತಿಳದಾಂವ. ಈಕಿ ಮಾತು ಕೇಳತೀಯೋ, ನಿನ್ನ ಕೆಲಸ ಮಾಡತೀಯೋ?” ಎಂದ. ಮೂಲೆಯಲ್ಲಿದ್ದ ಬೆಳ್ಳಿ ಬಣ್ಣದ ಡಬ್ಬಿಯನ್ನು ಕಾಲಿಂದ ಅವರ ಕಡೆ ದೂಡಿ ಹೊರಗೆ ಹೋದ.

ಫೌಜಿ ಡಬ್ಬಿ ಎತ್ತಿಕೊಂಡರು. ನನಗೆ ಸಾಹುಕಾರನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು.

“ಏನ ಮಾಡಾಕತ್ತೀರಿ?”

“ಹತ್ತು ನಿಮಿಷದ ಹಾರಾಟ ಅಕ್ಕಾರ. ಒಂದ ಸುತ್ತು.”

“ಮುರಿಯಾಕ ಹತ್ತು ನಿಮಿಷ ಬೇಕೇನ್ರಿ?”

ಅವರು ಡಬ್ಬಿಯ ಮುಚ್ಚಳ ತೆಗೆದರು. ಕುಂಚದಿಂದ ಬಣ್ಣ ಹಚ್ಚತೊಡಗಿದರು. ಹಚ್ಚಿ ಮುಗಿಸಿ ಕವೆಯನ್ನು ತಂತಿಗೆ ನೇತುಹಾಕಿದರು. ಬೆಳ್ಳಿಯ ಬಣ್ಣದಲ್ಲಿ ಅದು ಹೊಸದಾಗಿ ಕಾಣುತ್ತಿತ್ತು. ನನ್ನ ತಪ್ಪು ಅದರ ಒಳಗೆ ಮುಚ್ಚಿಹೋಗಿತ್ತು. ಇನ್ನು ನಾನು ಮನೆಗೆ ಹೋಗಬಹುದಿತ್ತು. ಹೇಳುವುದು ಹೇಳಿ ಆಗಿತ್ತು. ಮುಂದೆ ಏನಾದರೂ ಆದರೆ ‘ನಾ ಹೇಳಿದ್ದೆ’ ಎನ್ನಬಹುದಿತ್ತು.

ಹೋದೆ ಕೂಡ. ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಾಗ ಆ ‘ನಾ ಹೇಳಿದ್ದೆ’ ಎಂಬ ಮಾತು ಬಾಯಲ್ಲೇ ತಿರುಗುತ್ತಿತ್ತು. ಯಾರ ಎದುರು ಹೇಳುವುದು? ಫೌಜಿಯ ಮನೆಯವರು ಮುರಗೋಡದಿಂದ ಬಂದಾಗ ಅವರೆದುರಿಗೆ? ನನ್ನ ತಪ್ಪಿಗೆ ಅವರು ಬೆಳ್ಳಿ ಬಣ್ಣ ಹಚ್ಚಿ, ಅದರ ಮೇಲೆ ಬುಟ್ಟಿ ಹಿಡಿದು ಕೂಡಲು ಹೊರಟಿದ್ದರು. ಹೇಳಿದ್ದು ಸಾಲದು ಎಂದು ತಿಳಿಯಿತು. ಆ ಕವೆ ಇರಲೇಬಾರದು.

ಮರುದಿನ ಬೆಳಿಗ್ಗೆ ಗೋದಾಮಿಗೆ ಹೋದೆ. ಸಾಹುಕಾರ ಹೂವಿನವರ ಹತ್ತಿರ ಫೋನಿನಲ್ಲಿ ಮಾತಾಡಲು ಹೋಗಿದ್ದ. ಫೌಜಿ ರೆಕ್ಕೆಯ ಕೆಳಗೆ ಕೂತು ಬೋಲ್ಟಿಗೆ ಗ್ರೀಸು ಹಚ್ಚುತ್ತಿದ್ದರು. ನಾನು ತಂತಿಯಿಂದ ಕವೆ ಬಿಚ್ಚಿದೆ, ವೈಸಿಗೆ ಹಿಡಿದೆ, ಹ್ಯಾಕ್ಸಾ ಗರಗಸ ತೆಗೆದುಕೊಂಡು ಕಿವಿಯ ಬುಡಕ್ಕೆ ಹಚ್ಚಿದೆ.

ಉಕ್ಕು ಕೊಯ್ಯುವುದು ಬದನೆಕಾಯಿ ಕೊಯ್ದ ಹಾಗಲ್ಲ. ಫೌಜಿಗೆ ಎದ್ದು ಬಂದು ನನ್ನ ಕೈ ಹಿಡಿಯಲು ಬೇಕಾದಷ್ಟು ಹೊತ್ತಿತ್ತು. ಎದ್ದರು. ನನ್ನ ಮಗ್ಗುಲಿಗೆ ಬಂದು ನಿಂತರು. ನಾನು ನಿಲ್ಲಿಸಲಿಲ್ಲ. ಗರಗಸ ಒಣಗಿ ಕಿರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಅವರು ಎಣ್ಣೆಯ ಡಬ್ಬಿ ತಂದು ಗರಗಸದ ಬಾಯಿಗೆ ಹನಿ ಹನಿ ಬಿಡತೊಡಗಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೆರಳಿನಷ್ಟು ಒಳಗೆ ಹೋದ ಮೇಲೆ ಗಡಸು ಭಾಗ ಸಿಕ್ಕಿತು. ಗರಗಸದ ಹಲ್ಲು ಉದುರಿ ಬೋಳಾಯಿತು. ಇನ್ನೊಂದು ಅಲಗು ಹಾಕಿದೆ, ಅದೂ ಬೋಳಾಯಿತು. ಸಾಕಾಯಿತು. ಗರಗಸ ಎಸೆದು ಸುತ್ತಿಗೆ ಎತ್ತಿದೆ. ಅರ್ಧ ಸೇರಿನ ಸುತ್ತಿಗೆ, ಮೊಳೆ ಹೊಡೆಯುವಂಥದ್ದು. ಕೊಯ್ಯದೆ ಉಳಿದಿದ್ದ ಇನ್ನೊಂದು ಕಿವಿಗೆ ಒಂದು ಏಟು ಹಾಕಿದೆ. ಜೋರಾಗಿ ಕೂಡ ಅಲ್ಲ.

ಠಣ್ ಎಂದಿತು. ಕಿವಿ ತೂತಿನ ನಡುವೆ ಒಡೆದು, ಹಾರಿ, ತಗಡಿನ ಗೋಡೆಗೆ ಬಡಿದು ಹತ್ತಿಯಲ್ಲಿ ಬಿತ್ತು.

ಫೌಜಿ ಹುಡುಕಿ ತಂದರು. ಒಡೆದ ಮುಖ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. ಎಲ್ಲೂ ಬಾಗಿರಲಿಲ್ಲ, ಜಗ್ಗಿರಲಿಲ್ಲ. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಹತ್ತಿಯ ಮೂಟೆಯ ಮೇಲೆ ಕೂತರು.

“ಯಾ ಅಲ್ಲಾ” ಎಂದರು. “ಬಿಸ್ಕೀಟ ಮುರದಂಗ ಮುರೀತಲ್ಲರಿ” ಎಂದರು.

ಸಾಹುಕಾರ ಬಂದಾಗ ಎರಡು ತುಂಡೂ ವೈಸಿನ ಹತ್ತಿರ ಇದ್ದವು. ನಾನು ಹೇಳಿದೆ, ಒಂದೇ ಏಟಿಗೆ ಒಡೆಯಿತು ನೋಡಿ ಎಂದೆ. ಅವನು ನೋಡಿದ್ದು ಸುತ್ತಿಗೆಯನ್ನು.

“ಹೊಡದ್ರ ಒಡೀಲಾರದ ಏನ ಮಾಡತೈತಿ? ನೀ ಹೊಡದಿ, ಒಡೀತು!”

ಗೋದಾಮು ಹಾರಿಹೋಗುವ ಹಾಗೆ ಕೂಗಾಡಿದ. ನನ್ನ ಕುಲ, ನನ್ನ ಗಂಡ, ನನ್ನ ಲೇಥು, ಯಾವುದನ್ನೂ ಬಿಡಲಿಲ್ಲ. ನಾನೂ ಬಿಡಲಿಲ್ಲ. ಜಿನ್ನಿನ ಆಳುಗಳೆಲ್ಲ ಬಾಗಿಲಲ್ಲಿ ನೆರೆದರು. ಊರಿನ ಮಾತು ಹುಟ್ಟಿದ್ದು ಅಲ್ಲಿ. ಒಳಗೆ ಬಂದು ಆ ಕಲ್ಲುಸಕ್ಕರೆಯ ಮುಖ ನೋಡಿದವರು ಒಬ್ಬರೂ ಇಲ್ಲ.

ಮದುವೆ ಆಯಿತು. ಹೂವನ್ನು ಹತ್ತಿಯ ಲಾರಿಯ ಮೇಲೆ ನಿಂತು ನಾಲ್ಕು ಆಳುಗಳು ಎರಚಿದರಂತೆ. ಗಾಳಿಗೆ ಅರ್ಧ ಹೂವು ಅಡುಗೆಯ ಕೊಪ್ಪರಿಗೆಯಲ್ಲಿ ಬಿತ್ತಂತೆ. ನೆಗೆಣ್ಣಿ ಹೋಗಿ ಉಂಡು ಬಂದು ಹೇಳಿದಳು, “ಸಾರಿನಾಗ ಚೆಂಡುಹೂವು ಸಿಕ್ತಬೇ.” ನಾನು ಹೋಗಲಿಲ್ಲ.

ಮದುವೆಯ ಮರುದಿನ ಮಧ್ಯಾಹ್ನ ಅಂಗಡಿಗೆ ಒಬ್ಬರು ಬಂದರು. ಎತ್ತರದ ಆಳು, ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ. ಪೈಲಟ್ ಅವರೇ. ಪುಣೆಗೆ ಹೋಗುವ ಮೊದಲು ಬಂದಿದ್ದರು. ಅವರ ಕನ್ನಡ ಮರಾಠಿಯ ಕಡೆ ವಾಲುತ್ತಿತ್ತು, ಚಿಕ್ಕವ್ವ ಎನ್ನಲು ಮಾವಶಿ ಎಂದರು.

“ಮಾವಶಿ, ಆ ತುಕಡಾ ಐತೇನು?”

ಗೋದಾಮಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದನ್ನು ತೆಗೆದು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಒಡೆದ ಮುಖ ಸವರಿದರು.

“ಎಷ್ಟು ಏಟಿಗೆ?”

“ಒಂದು.”

“ಯಾವಾಗ ಗೊತ್ತಾತು ನಿಮಗ, ಇದು ಖರಾಬ್ ಅಂತ?”

“ಮಾಡಿದ ದಿನಾನ. ಮದಿವಿಗಿಂತ ಐದು ದಿನ ಮೊದಲ.”

“ಮತ್ತ ಸಾವಕಾರರಿಗೆ ಹೇಳಿದ್ರಿ.”

“ಹೇಳಿದೆ.”

“ಫೌಜಿಗೆ ಹೇಳಿದ್ರಿ.”

“ಹೇಳಿದೆ.”

“ನಾ ಮದಿವಿಗಿಂತ ನಾಕು ದಿನ ಮೊದಲ ಬಂದು ಸವದತ್ತಿ ಲಾಡ್ಜಿನಾಗ ಇದ್ದೆ ಮಾವಶಿ. ದಿನಾ ಸಂಜೀಕ ಗೋದಾಮಿಗೆ ಬಂದು ಹೋಗತಿದ್ದೆ. ಆ ಬಣ್ಣ ಹಚ್ಚಿದ್ದು ನೋಡಿದೆ, ಚಲೋ ಆಗೇದ ಅಂದೆ. ನನಗ ಯಾಕ ಯಾರೂ ಹೇಳಲಿಲ್ಲ? ಮುಂದಿನ ಸೀಟಿನಾಗ ಕೂಡಾಂವ ನಾನಲ್ಲ?”

ಅಷ್ಟು ದಿನ ಎಲ್ಲರ ಮೇಲೆ ಸಿಟ್ಟು ಮಾಡಿಕೊಂಡು ತಿರುಗಿದವಳು ನಾನು. ಸಾಹುಕಾರನ ಜೊತೆ ಜಗಳಾಡಿದೆ, ಫೌಜಿಯ ಜೊತೆ ಜಗಳಾಡಿದೆ, ನನ್ನ ಜೊತೆ ನಾನೇ ಜಗಳಾಡಿದೆ. ಅದನ್ನು ಹಾರಿಸುವ ಮನುಷ್ಯ ಒಬ್ಬ ಇದ್ದಾನೆ, ಅವನನ್ನು ಹುಡುಕಿಕೊಂಡು ಹೋಗಿ ಹೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಒಂದು ಮಾತು ಅವರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ‘ನಾ ಹತ್ತೂದಿಲ್ಲ’ ಎನ್ನುತ್ತಿದ್ದರು. ಗರಗಸವೂ ಬೇಕಿರಲಿಲ್ಲ, ಸುತ್ತಿಗೆಯೂ ಬೇಕಿರಲಿಲ್ಲ. ನಾವೆಲ್ಲ ಸೇರಿ ಅವರನ್ನು ವಿಮಾನದ ಇನ್ನೊಂದು ಸಾಮಾನು ಎಂದುಕೊಂಡಿದ್ದೆವು, ಪುಣೆಯಿಂದ ತರಿಸಿದ ಸಾಮಾನು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಂಡನ್ನು ಅಡಿಗಲ್ಲಿನ ಮೇಲೆ ಇಟ್ಟು, “ಬರತೇನಿ ಮಾವಶಿ” ಎಂದು ಬಸ್ ನಿಲ್ದಾಣದ ಕಡೆ ನಡೆದರು.

ಜಿನ್ನಿನ ರೋಲರುಗಳ ಕೆಲಸ ನಮ್ಮ ಅಂಗಡಿಗೆ ಅಂದಿನಿಂದ ಬರಲಿಲ್ಲ. ವಿಮಾನ ಒಂದು ಮಳೆಗಾಲ ಗೋದಾಮಿನಲ್ಲಿ ಕೊಳೆತು, ಆಮೇಲೆ ಲಾರಿ ಹತ್ತಿ ಯಾರ ಕಡೆಗೋ ಹೋಯಿತು. ಫೌಜಿ ಸಂತೆಯ ದಿನ ಬಂದರೆ ಅಂಗಡಿಯಲ್ಲಿ ಕೂತು ಚಹ ಕುಡಿದು ಹೋಗುತ್ತಿದ್ದರು. ವಿಮಾನ ಅವರು ಕೊನೆಗೂ ಹತ್ತಲಿಲ್ಲ. ಅದಕ್ಕೆ ನಾನು ಅವರ ಹತ್ತಿರ ಕ್ಷಮೆ ಕೇಳಿಲ್ಲ, ಅವರೂ ಕೇಳಲಿ ಎಂದು ಕಾಯಲಿಲ್ಲ.

ಆದರೆ ಅಂಗಡಿಯಲ್ಲಿ ಒಂದು ಕೆಲಸ ಬದಲಾಯಿತು. ಇದಕ್ಕೂ ಜನ ನಗುತ್ತಾರೆ, ಮುದುಕಿಗೆ ಇಲ್ಲದ ಉಸಾಬರಿ ಎನ್ನುತ್ತಾರೆ. ಟ್ರ್ಯಾಕ್ಟರಿನ ಕೊಂಡಿ ತಂದರೆ, ಓಡಿಸುವವನು ಯಾರು ಎಂದು ಕೇಳುತ್ತೇನೆ. ಮೊನ್ನೆ ಒಬ್ಬ ದೊಡ್ಡ ರೈತ ಬಾವಿಯ ರಾಟೆಯ ಅಚ್ಚು ತಂದಿದ್ದ. ನೋಡಿದೆ. ಒಳಗೆ ಕೂದಲಿನಂಥ ಬಿರುಕು.

“ಈ ರಾಟಿ ಹಗ್ಗ ಹಿಡಕೊಂಡು ಬಾವಿಗೆ ಇಳಿಯೋರು ಯಾರ್ರಿ?”

“ಆಳು ಇಳೀತಾನ. ನಿನಗ್ಯಾಕಬೇ? ನೀ ಬೆಸದ ಕೊಡು, ನಾ ಒಯ್ಯತೇನಿ.”

ಅಚ್ಚನ್ನು ಅಡಿಗಲ್ಲಿನ ಹಿಂದೆ ಇಟ್ಟು ಅದರ ಮುಂದೆ ಕೂತೆ.

“ನಿಮಗ ಕೊಡೂದಿಲ್ಲ. ಅವನ್ನ ಕರಕೊಂಡ ಬರ್ರಿ.”